ಎದೆಯ ಮಟ್ಟಕ್ಕೆ

ಐಸಿಯುನಲ್ಲಿ ನನ್ನ ಅಡ್ಡಹೆಸರು ಹೆಡ್‌ಮೇಷ್ಟ್ರು. ಹತ್ತೊಂಬತ್ತು ವರ್ಷದಿಂದ ನರ್ಸ್ ಆಗಿದ್ದೇನೆ, ನನ್ನಿಂದ ಬೈಸಿಕೊಳ್ಳದ ಹೊಸಬರು ಅಲ್ಲಿ ಇಲ್ಲ. ಅತಿ ಹೆಚ್ಚು ಬೈದದ್ದು ಆರ್ಟ್ ಲೈನ್ ಎಂಬ ಬಿಪಿ ಕೊಳವೆಯ ವಿಷಯಕ್ಕೆ. ರೋಗಿಯ ಮಣಿಕಟ್ಟಿನ ರಕ್ತನಾಳದೊಳಗೆ ಸಣ್ಣ ಕೊಳವೆ ಇಟ್ಟರೆ ಪ್ರತಿ ಬಡಿತದ ಬಿಪಿಯೂ ಪರದೆಯ ಮೇಲೆ ಬರುತ್ತದೆ. ಆದರೆ ಆ ಕೊಳವೆಯ ಇನ್ನೊಂದು ತುದಿಯಲ್ಲಿ, ಕಂಬಕ್ಕೆ ಸಿಕ್ಕಿಸಿದ ಬೆಂಕಿಪೊಟ್ಟಣದಷ್ಟು ದೊಡ್ಡ, ಒತ್ತಡ ಅಳೆಯುವ ಟ್ರಾನ್ಸ್‌ಡ್ಯೂಸರ್ ರೋಗಿಯ ಎದೆಯ ಮಟ್ಟದಲ್ಲೇ ಇರಬೇಕು. ಅದು ಕೆಳಗಾದರೆ ಇಲ್ಲದ ಬಿಪಿ ಇದ್ದಂತೆ ಕಾಣುತ್ತದೆ. "ಮಂಚ ಎತ್ತಿದ್ರೆ ಅದನ್ನೂ ಎತ್ರೋ!" ಎಂದು ನಾನು ಅರಚದ ದಿನವಿಲ್ಲ.

ತಂಗಿಯ ಗಂಡ ಕರುಳು ಒಡೆದು, ಆಪರೇಷನ್ ಆಗಿ, ನಂಜು ರಕ್ತಕ್ಕೇರಿ ಹನ್ನೆರಡನೇ ಬೆಡ್ಡಿಗೆ ಬಂದ. ಮನೆಯವರನ್ನು ನಾವೇ ನೋಡಿಕೊಳ್ಳಬಾರದೆಂಬ ನಿಯಮವಿದೆ. ಮೇಲಿನವರ ಜೊತೆ ಜಗಳಕ್ಕೆ ನಿಂತು ಆ ಬೆಡ್ಡನ್ನು ನಾನೇ ತೆಗೆದುಕೊಂಡೆ. ಪ್ರೀತಿಯೇನೋ ಇತ್ತು. ಅದಕ್ಕಿಂತ ಹೆಚ್ಚಾಗಿ, ನನ್ನಷ್ಟು ಗಟ್ಟಿಗರು ಅಲ್ಲಿ ಯಾರೂ ಇಲ್ಲವೆಂಬ ಕೊಬ್ಬು.

ಮೂರನೇ ದಿನ ಬೆಳಿಗ್ಗೆ ಹತ್ತಕ್ಕೆ ಗಾಯದ ಪಟ್ಟಿ ಬದಲಿಸಲು ಮಂಚವನ್ನು ನನ್ನ ಸೊಂಟದ ಮಟ್ಟಕ್ಕೆ ಎತ್ತಿದೆ. ಬಗ್ಗಿ ಬಗ್ಗಿ ನನ್ನ ಬೆನ್ನು ಯಾವತ್ತೋ ಹಾಳಾಗಿದೆ. ಪಟ್ಟಿ ಕಟ್ಟಿ ಮುಗಿಸುವುದಕ್ಕೂ ಪಕ್ಕದ ಬೆಡ್ಡಿನಲ್ಲಿ ಅಲಾರಂ ಬಡಿದುಕೊಳ್ಳುವುದಕ್ಕೂ ಸರಿಹೋಯಿತು. ಅತ್ತ ಓಡಿದೆ. ಮಂಚ ಎತ್ತಿದಂತೆಯೇ ಉಳಿಯಿತು.

ಹನ್ನೊಂದಕ್ಕೆ ರೌಂಡ್ಸಿಗೆ ಬಂದ ಡಾಕ್ಟರು ಪರದೆ ನೋಡಿ ಹಿಗ್ಗಿದರು.

"ಪರವಾಗಿಲ್ವೇ, ಬಿಪಿ ಚೆನ್ನಾಗಿ ಏರಿದೆ. ಬಿಪಿ ಏರಿಸೋ ಔಷಧಿ ಸ್ವಲ್ಪ ಸ್ವಲ್ಪವೇ ಇಳಿಸ್ತಾ ಬನ್ನಿ."

ಇಳಿಸುತ್ತಾ ಬಂದೆ. ಒಳಗೊಳಗೇ ಬೀಗಿದೆ ಕೂಡ.

ಒಂದು ಗಂಟೆಗೆ ತಂಗಿ ಬಂದಳು. ಅವಳು ಟೈಲರ್, ಸಂಕೋಚದ ಪ್ರಾಣಿ. ಗಂಡನ ಪಾದ ಹಿಡಿದುಕೊಂಡು ನಿಂತಳು.

"ಅಕ್ಕ, ಕಾಲು ತಣ್ಣಗೆ ಕೊರೀತಿದೆ. ನಿನ್ನೆ ಬೆಚ್ಚಗಿತ್ತು."

"ಎಸಿ ಕಣೇ."

"ತೋಳಿಗೆ ಕಟ್ಟಿರೋ ಪಟ್ಟಿ ಬಿಪಿ ಕಡಿಮೆ ಅಂತಿದೆಯಲ್ಲ? ಪರದೆಯ ಮೇಲಿನ ಸಾಲು ಜಾಸ್ತಿ ಅಂತಿದೆ."

"ತೋಳು ಊದಿದೆ, ಪಟ್ಟಿ ಸುಳ್ಳು ಹೇಳುತ್ತೆ. ಇದು ರಕ್ತದೊಳಗೇ ಕೂತಿರೋ ಕೊಳವೆ. ನೀನು ಬಟ್ಟೆ ಹೊಲಿ ಮಾರಾಯ್ತಿ, ಇದನ್ನ ನನಗೆ ಬಿಡು."

ಅವಳೆದುರೇ ಆ ಪಟ್ಟಿ ಬಿಚ್ಚಿ ಪಕ್ಕಕ್ಕಿಟ್ಟೆ. ಅವಳು ಮನೆಗೆ ಹೊರಟುಹೋದಳು.

ಮೂರು ಗಂಟೆಗೆ ಮೂತ್ರದ ಚೀಲ ನೋಡಿದರೆ ಎರಡು ತಾಸಿನಿಂದ ಒಂದು ಹನಿಯೂ ಇಳಿದಿರಲಿಲ್ಲ. ನಾಡಿ ಹಿಡಿದೆ, ಬೆರಳಿಗೆ ಸಿಗಲಿಲ್ಲ. ಆಗ ಕಂಬದ ಕಡೆ ನೋಡಿದೆ. ಟ್ರಾನ್ಸ್‌ಡ್ಯೂಸರ್ ಅವನ ಎದೆಗಿಂತ ಮುಕ್ಕಾಲು ಮೊಳ ಕೆಳಗೆ ನೇತಾಡುತ್ತಿತ್ತು. ಅದನ್ನು ಮೇಲಕ್ಕೆ ಏರಿಸಿದೆ. ನೂರಾ ಎರಡಿದ್ದ ಬಿಪಿ ನನ್ನ ಕಣ್ಣೆದುರೇ ಎಪ್ಪತ್ತೆಂಟಕ್ಕೆ ಕುಸಿಯಿತು. ಅದು ಆಗ ಕುಸಿದದ್ದಲ್ಲ, ಎಷ್ಟೋ ಹೊತ್ತಿನಿಂದ ಅಷ್ಟೇ ಇತ್ತು.

ಕೂಗಿದೆ. ಡಾಕ್ಟರು ಓಡಿ ಬಂದರು. ಔಷಧಿ ಏರಿಸಿದೆವು, ಡಯಾಲಿಸಿಸ್ ಹಾಕಿದೆವು. ಎರಡು ದಿನ ಎಳೆದಾಡಿ ಅವನು ಹೋದ.

"ನಂಜು ಜಾಸ್ತಿಯಾಗಿತ್ತು ಸಿಸ್ಟರ್. ಹೇಗೂ ಉಳೀತಿರಲಿಲ್ವೇನೋ" ಎಂದರು ಡಾಕ್ಟರು. ಆ 'ಏನೋ'ವನ್ನು ಹಿಡಿದು ನೇತಾಡಬಹುದಿತ್ತು. ನನ್ನ ಕೈಲಾಗಲಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆದು ಸಹಿ ಹಾಕಿ ಕೊಟ್ಟೆ. ವಿಚಾರಣೆ ಅಂದರು, ರಜೆಯ ಮೇಲೆ ಕಳಿಸಿದರು. ಅದೆಲ್ಲ ಯಾವ ಲೆಕ್ಕ? ತಂಗಿಗೆ ಹೇಳುವುದೇ ಉಳಿದಿತ್ತು. ಎಂಟು ದಿನ ಅವಳ ಮನೆ ಬಾಗಿಲವರೆಗೆ ಹೋಗಿ ವಾಪಸ್ ಬಂದೆ.

ಒಂಬತ್ತನೇ ದಿನ ಒಳಗೆ ಹೋದೆ. ಅವಳು ಹೊಲಿಗೆ ಮೆಷಿನ್ನಿನ ಮುಂದೆ ಸುಮ್ಮನೆ ಕೂತಿದ್ದಳು. ಮಂಚ ಎತ್ತಿದ್ದರಿಂದ ಹಿಡಿದು ತೋಳಿನ ಪಟ್ಟಿ ಬಿಚ್ಚಿದ್ದರವರೆಗೆ ಒಂದನ್ನೂ ಬಿಡದೆ ಹೇಳಿದೆ. ಕಪಾಳಕ್ಕೆ ಬಾರಿಸಲಿ, ಕತ್ತರಿ ಎಸೆಯಲಿ ಎಂದು ಕಾದೆ. ಹಾಗಾದರೂ ಆಗಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ನನ್ನ ಮುಖವನ್ನೂ ನೋಡಲಿಲ್ಲ.

"ಬೇರೆ ಯಾವ ನರ್ಸ್ ಆಗಿದ್ರೂ ನಾನು ಬಿಡ್ತಿರಲಿಲ್ಲ ಅಕ್ಕ" ಎಂದಳು. "ಡಾಕ್ಟರನ್ನ ಕರೆಸೋವರೆಗೂ ಅಲ್ಲೇ ಕೂತು ಕೂಗಾಡ್ತಿದ್ದೆ. ನೀನಿದ್ದೀಯಲ್ಲ ಅಂತ ಮನೆಗೆ ಬಂದು, ಹೊಟ್ಟೆ ತುಂಬ ಉಂಡು ಮಲಗಿದೆ."