ದ್ರಾಕ್ಷಿ ಬಣ್ಣದ ಕಾರು

"ಬಣ್ಣ ನೀನೇ ಹೇಳು ಮಾಮ," ಎಂದು ಲಾವಣ್ಯ ಬಣ್ಣದ ಪಟ್ಟಿಗಳ ಗೊಂಚಲನ್ನು ಮುನಿಶಾಮಪ್ಪನ ಕಡೆ ಚಾಚಿದಳು.

ಮುನಿಶಾಮಪ್ಪ ಖಾಕಿ ಅಂಗಿಗೆ ಕೈ ಒರೆಸಿಕೊಂಡು ತೆಗೆದುಕೊಂಡ. ಬೆರಳುದ್ದದ ತಗಡಿನ ಪಟ್ಟಿಗಳು. ಕೆಂಪಿನಲ್ಲೇ ಏಳೆಂಟು ಥರ ಇದ್ದವು. ಚಿಕ್ಕಬಳ್ಳಾಪುರದಿಂದ ಪೆರೇಸಂದ್ರಕ್ಕೆ ಹೋಗುವ ಹೆದ್ದಾರಿ ಪಕ್ಕದ ಆ ಶೆಡ್ಡಿನ ಗೋಡೆಯ ತುಂಬ ಹೊಳೆಯುವ ಗಾಲಿಗಳನ್ನು ನೇತುಹಾಕಿದ್ದರು. ಕಾರುಗಳ ವೇಷ ಬದಲಿಸುವುದರಲ್ಲಿ ಶೆಡ್ಡಿನ ಯಜಮಾನ ಮುರಳಿಮೋಹನ್ ಹೆಸರು ಮಾಡಿದವನು. ಅಗಲದ ಗಾಲಿ ಬೇಕು, ಒಳಗೆ ನೀಲಿ ದೀಪ ಬೇಕು, ಸೀಟಿಗೆ ಚರ್ಮ ಹೊದಿಸಬೇಕು ಎಂದು ಗೌರಿಬಿದನೂರು, ಚಿಂತಾಮಣಿಗಳಿಂದ ಹುಡುಗರು ಬರುತ್ತಿದ್ದರು. ಲಾವಣ್ಯಳ ಕೆಲಸ ಬೇರೆಯದು. ಎರಡು ವರ್ಷದವಳಿದ್ದಾಗ ಪೋಲಿಯೋ ಬಂದು ಅವಳ ಎರಡೂ ಕಾಲು ಸೋತಿದ್ದವು. ಅವಳು ಕೊಂಡಿದ್ದ ಹಳೆಯ ಬಿಳಿ ಕಾರಿನಲ್ಲಿ ಕಾಲಿನಿಂದ ಒತ್ತುವುದನ್ನೆಲ್ಲ ಕೈಯಿಂದ ಮಾಡುವಂತೆ ಬದಲಾಯಿಸಬೇಕಿತ್ತು.

"ಇದು ನೋಡಮ್ಮ. ಕಪ್ಪು ದ್ರಾಕ್ಷಿ ಬಣ್ಣ," ಮುನಿಶಾಮಪ್ಪ ಒಂದು ಪಟ್ಟಿಯನ್ನು ಬಿಸಿಲಿಗೆ ಹಿಡಿದ. "ಬೆಳಗ್ಗೆ ತೋಟದಾಗೆ ಹಿಂಗೇ ಇರ್ತದೆ, ಮೇಲೆ ತೆಳ್ಳಗೆ ಬೂದಿ ಸವರಿದಂಗೆ."

"ಇದೇ ಹಾಕಿ," ಎಂದು ಲಾವಣ್ಯ ಮುರಳಿಮೋಹನನಿಗೆ ಹೇಳಿದಳು. "ಗಾಲಿ, ಆ ಮೂರನೇದು."

"ಬಣ್ಣ ಸರಿ ಮೇಡಂ, ಆರ್‌ಸೀಲೂ ಬದಲಾಯಿಸಿಕೊಡ್ತೀನಿ. ಆದ್ರೆ ನಿಮ್ಮ ಓಡಾಟಕ್ಕೆ ಹಳೆ ಗಾಲಿನೇ ಸಾಕಲ್ಲ?"

"ಎಲ್ರೂ ಮೊದ್ಲು ನನ್ನ ಕಾಲು ನೋಡ್ತಾರೆ ಮುರಳಿಯವರೆ. ಇನ್ಮೇಲೆ ಗಾಲಿ ನೋಡ್ಲಿ ಬಿಡಿ."

ಮುರಳಿಮೋಹನ್ ಗಾಲಿಯ ನಂಬರು ಬರೆದುಕೊಂಡ.

ಲಾವಣ್ಯ ಶಿಡ್ಲಘಟ್ಟದ ರೇಷ್ಮೆ ಇಲಾಖೆ ಕಚೇರಿಯಲ್ಲಿ ಗುಮಾಸ್ತೆ. ಊರು ಎಂಟು ಕಿಲೋಮೀಟರ್ ದೂರದ ಮೇಲೂರು. ಒಂಬತ್ತು ವರ್ಷಗಳಿಂದ ಬೆಳಗ್ಗೆ ಮನೆ ಬಾಗಿಲಿಂದ ಅವಳನ್ನು ಕರೆದುಕೊಂಡು ಹೋಗಿ ಸಂಜೆ ತಂದು ಬಿಡುತ್ತಿದ್ದುದು ಮುನಿಶಾಮಪ್ಪನ ಆಟೋ. ಮೊದಮೊದಲು ಅವನಿಗೆ ಅದು ಬಾಡಿಗೆಯಷ್ಟೇ ಆಗಿತ್ತು. ನಾಲ್ಕು ವರ್ಷದ ಹಿಂದೆ ಹೆಂಡತಿ ಗೋದಮ್ಮ ತೀರಿಕೊಂಡಳು. ಮಕ್ಕಳಿರಲಿಲ್ಲ. ಅದಾದ ಮೇಲೆ ಆ ಎಂಟು ಕಿಲೋಮೀಟರ್ ಅವನ ದಿನದ ಮಾತೆಲ್ಲ ಆಗಿಹೋಯಿತು. ರಾತ್ರಿ ಮಾಡಿದ ಸಾರಿಗೆ ಉಪ್ಪು ಹೆಚ್ಚಾದದ್ದು, ವಠಾರದ ನಲ್ಲಿ ಮುರಿದದ್ದು, ಇಂಥವನ್ನು ಬೆಳಗಿನ ತನಕ ಜೋಪಾನವಾಗಿ ಇಟ್ಟುಕೊಂಡಿದ್ದು ಹೇಳುತ್ತಿದ್ದ. ಅವಳು ಸಂಜೆ ಕಚೇರಿಯ ಸುದ್ದಿ ಹೇಳುತ್ತಿದ್ದಳು. ಬೇರೆ ಪ್ರಯಾಣಿಕರು ಊರ ಹೆಸರು ಹೇಳಿ ಫೋನು ಹಿಡಿದು ಕೂತುಬಿಡುವರು. ಭಾನುವಾರ ಅವನು ಯಾರೊಂದಿಗೂ ಮಾತಾಡುವ ಪ್ರಸಂಗವೇ ಬರುತ್ತಿರಲಿಲ್ಲ. ಸೋಮವಾರ ಅವಳ ಮನೆ ಮುಂದೆ ನಿಂತು "ಏಮ್ಮಾ, ಬಂದ್ಯಾ?" ಎನ್ನುವಾಗ ಮೊದಲ ಅಕ್ಷರ ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು.

ಕಾರಿನ ವಿಷಯ ಅವಳು ಹೇಳಿದ ದಿನ ಅವನು, "ಒಳ್ಳೇದಾಯ್ತು ಬಿಡಮ್ಮ, ಮಳೆಗಾಲದಾಗೆ ನೆನೀತಿದ್ದೆ," ಎಂದಿದ್ದ. ಶೆಡ್ಡನ್ನು ಹುಡುಕಿದವನೂ ಅವನೇ. ಎರಡು ತಿಂಗಳು ರಜೆಯ ದಿನಗಳಲ್ಲೆಲ್ಲ ಇಬ್ಬರೂ ಚಿಕ್ಕಬಳ್ಳಾಪುರಕ್ಕೆ ಬಂದು ಹೋದರು. ಎಂಟು ಕಿಲೋಮೀಟರಿನ ಬದಲು ಹೋಗುತ್ತ ಬರುತ್ತ ಅಷ್ಟು ದೂರದ ಮಾತು. ಸೀಟಿನ ಬಟ್ಟೆ ಆರಿಸಲಿಕ್ಕೆ ಒಂದು ದಿನ, ಬಾಗಿಲು ತೆರೆದಾಗ ಹೊರಕ್ಕೆ ತಿರುಗುವ ಸೀಟಿನ ಅಳತೆ ನೋಡಲಿಕ್ಕೆ ಒಂದು ದಿನ. ಕೆಲಸ ನಿಧಾನವಾದಷ್ಟೂ ಅವನಿಗೆ ಸರಿಯೇ ಇತ್ತು. ಮುರಳಿಮೋಹನ್ "ಇನ್ನೊಂದು ವಾರ ಆಗ್ತದೆ" ಎಂದರೆ ಲಾವಣ್ಯ ಮುಖ ಚಿಕ್ಕದು ಮಾಡಿಕೊಳ್ಳುವಳು. ಅವನು ಹೊರಗೆ ಹೋಗಿ ಬೀಡಿ ಹಚ್ಚುವನು.

ಕೊನೆಗೂ ಒಂದು ಶನಿವಾರ ಕಾರು ಸಿದ್ಧವಾಗಿ ನಿಂತಿತ್ತು. ನಂದಿಬೆಟ್ಟದ ಕಡೆಯ ಬಿಸಿಲಿಗೆ ಅದರ ಮೈ ನಿಜಕ್ಕೂ ಗೊಂಚಲಿನಿಂದ ಈಗ ಕಿತ್ತ ಹಣ್ಣಿನಂತಿತ್ತು. ಲಾವಣ್ಯ ಊರುಗೋಲನ್ನು ಕಂಕುಳಲ್ಲಿಟ್ಟುಕೊಂಡು ಕಾರಿನ ಸುತ್ತ ಒಂದು ಸುತ್ತು ಬಂದಳು. ಬಾಗಿಲ ಅಂಚಿನ ಮೇಲೆ ಅಂಗೈ ಇಟ್ಟು ನಿಂತಳು.

ಶೆಡ್ಡಿನ ಹಿಂದೆ ಸೈಟು ಮಾಡಿ ಹಾಗೇ ಬಿಟ್ಟಿದ್ದ ಬಡಾವಣೆಯಿತ್ತು. ಓಡಿಸಿ ನೋಡಲು ಮುರಳಿಮೋಹನ್ ಅಲ್ಲಿಗೆ ಕರೆದುಕೊಂಡು ಹೋದ. ಸ್ಟೀರಿಂಗಿನ ಎಡಗಡೆ ಒಂದು ಹಿಡಿ. ಎಳೆದರೆ ವೇಗ, ಮುಂದಕ್ಕೆ ಒತ್ತಿದರೆ ಬ್ರೇಕು. ಸ್ಟೀರಿಂಗಿನ ಮೇಲೆ ಕೂರಿಸಿದ ಗುಂಡಿಯನ್ನು ಬಲಗೈಯಲ್ಲಿ ಹಿಡಿದು ತಿರುಗಿಸಬೇಕು. ಮುರಳಿಮೋಹನ್ ಪಕ್ಕದಲ್ಲಿ ಕೂತ. ಮುನಿಶಾಮಪ್ಪ ದೂರದಲ್ಲಿ ಹುಣಸೆಮರದ ಕೆಳಗೆ ನಿಂತ.

ಮೊದಲೆರಡು ಸುತ್ತು ಚೆನ್ನಾಗಿಯೇ ಹೋಯಿತು. ಮೂರನೆಯ ಸುತ್ತಿನಲ್ಲಿ ತಿರುವಿನ ಹತ್ತಿರ ಕಾರು ನಿಲ್ಲಬೇಕಾದಲ್ಲಿ ನಿಲ್ಲಲಿಲ್ಲ. ಮರಳಿನ ಗುಡ್ಡೆಗೆ ಮೂತಿ ತೂರಿಸಿ ನಿಂತಿತು. ಅವಳು ಇನ್ನೊಮ್ಮೆ ಪ್ರಯತ್ನಿಸಿದಳು. ಮತ್ತೆ ತಡವಾಗಿ ನಿಂತಿತು. ಮುನಿಶಾಮಪ್ಪ ಹತ್ತಿರ ಹೋಗುವಷ್ಟರಲ್ಲಿ ಅವಳು ಸೀಟನ್ನು ಹೊರಕ್ಕೆ ತಿರುಗಿಸಿಕೊಂಡು ಕೂತಿದ್ದಳು. ಹಣೆಯಲ್ಲಿ ಬೆವರು.

"ಹೊಸದು ಮೇಡಂ, ಅಭ್ಯಾಸ ಆಗ್ತದೆ," ಎಂದ ಮುರಳಿಮೋಹನ್.

"ಆಗಲ್ಲ. ರಸ್ತೇಲಿ ಯಾರನ್ನಾದ್ರೂ ಸಾಯಿಸ್ತೀನಿ ಅಷ್ಟೇ." ಅವಳು ತಲೆ ಎತ್ತಲಿಲ್ಲ. "ಇದನ್ನ ಮಾರ್ಬಿಡೋಣ ಮಾಮ. ನಂಗೆ ನಿನ್ನ ಆಟೋನೇ ಸಾಕು."

ಮುನಿಶಾಮಪ್ಪನ ಎದೆಯೊಳಗೆ ಏನೋ ಹಗುರವಾಯಿತು. ಸೋಮವಾರವೂ, ಮಂಗಳವಾರವೂ, ಅವನು ಓಡಿಸುವಷ್ಟು ಕಾಲವೂ ಅವಳು ಆಟೋದಲ್ಲೇ ಬರುತ್ತಾಳೆ. ತನ್ನ ಮುಖದಲ್ಲಿ ಅದು ಕಂಡೀತೆಂದು ಮರಳಿನ ಕಡೆ ತಿರುಗಿ, ಬಂಪರಿಗೆ ಮೆತ್ತಿದ್ದ ಮರಳನ್ನು ಅಂಗೈಯಿಂದ ಒರೆಸತೊಡಗಿದ. ಬಣ್ಣಕ್ಕೆ ಗೀರು ಬಿದ್ದಿರಲಿಲ್ಲ. ಮಳೆಗಾಲದಲ್ಲಿ ಆಟೋದ ಪರದೆ ಹಾರಿ ಅವಳ ಸೀರೆ ಒದ್ದೆಯಾಗುತ್ತಿದ್ದುದು ನೆನಪಾಯಿತು. ಅವನಿಗೆ ಜ್ವರ ಬಂದ ದಿನಗಳಲ್ಲಿ ಅವಳು ರಜೆ ಹಾಕುತ್ತಿದ್ದಳು. ಮರಳೆಲ್ಲ ಹೋದ ಮೇಲೂ ಒರೆಸುತ್ತಲೇ ಇದ್ದ.

ಏನು ತಪ್ಪಿದೆಯೆಂದು ಅವನಿಗೆ ಗೊತ್ತಿತ್ತು. ಮರದ ಕೆಳಗೆ ನಿಂತಿದ್ದಾಗಲೇ ಗೊತ್ತಾಗಿತ್ತು.

"ಮುರಳಪ್ಪ," ಎಂದ, ಬೆನ್ನು ತಿರುಗಿಸಿಕೊಂಡೇ. "ಆ ಹಿಡಿ ಬಲಗಡೀಕೆ ಹಾಕು. ಆಯಮ್ಮನ ಎಡಗೈ ಮಣಿಕಟ್ಟಿನಾಗೆ ಬಲ ಇಲ್ಲ. ಕೋಲು ಊರಿ ಊರಿ ಹೋಗೈತೆ. ಸಾಯಂಕಾಲ ಅಷ್ಟೊತ್ತಿಗೆ ಊದಿರ್ತದೆ. ಬಲಗೈ ಗಟ್ಟಿ. ಆಟೋ ಹತ್ತೋದು ಬಲಗೈಯಾಗೇ ಮೈ ಎಳ್ಕೊಂಡು."

ಮುರಳಿಮೋಹನ್ ಲಾವಣ್ಯಳ ಕಡೆ ನೋಡಿದ. "ಹೌದಾ ಮೇಡಂ? ನೀವು ಹೇಳ್ಲೇ ಇಲ್ಲ."

ಅವಳು ಎಡ ಮಣಿಕಟ್ಟನ್ನು ಸೆರಗಿನೊಳಗೆ ಎಳೆದುಕೊಂಡಳು. "ಅಮ್ಮಂಗೂ ಹೇಳಿಲ್ಲ," ಎಂದಳು. ಮುನಿಶಾಮಪ್ಪನ ಕಡೆ ತಿರುಗಿ, "ನಿಂಗೆ ಹೆಂಗೆ ಗೊತ್ತು ಮಾಮ?"

"ಒಂಬತ್ತು ವರ್ಷ ಆಯ್ತಲ್ಲಮ್ಮ," ಎಂದ ಮುನಿಶಾಮಪ್ಪ.

ಹಿಡಿಯನ್ನು ಬಲಕ್ಕೆ, ಗುಂಡಿಯನ್ನು ಎಡಕ್ಕೆ ಬದಲಾಯಿಸಲು ಹತ್ತು ದಿನ ಹಿಡಿಯಿತು. ಮುಂದಿನ ಸಲ ಕಾರು ಅವಳು ಬೇಕೆಂದಲ್ಲಿ ನಿಂತಿತು. ಆ ಸಂಜೆ ಆಟೋದಲ್ಲಿ ಮೇಲೂರಿಗೆ ಹಿಂತಿರುಗುವಾಗ ಅವಳು ದಾರಿಯುದ್ದಕ್ಕೂ ಮಾತಾಡಿದಳು. ಅವನು ಹೂಂಗುಟ್ಟುತ್ತಿದ್ದ. ಆರ್‌ಟಿಒ ಇನ್ಸ್‌ಪೆಕ್ಟರು ಕಾರು ಪರೀಕ್ಷಿಸಿ ಒಪ್ಪಿದರು. ಲೈಸೆನ್ಸೂ ಬಂತು.

ಅವಳೇ ಓಡಿಸಿಕೊಂಡು ಕಚೇರಿಗೆ ಹೊರಟದ್ದು ಒಂದು ಸೋಮವಾರ. ಅವಳ ತಾಯಿ ರಾಧಾಮಣಿ ಹಿಂದಿನ ದಿನವೇ ಅವನಿಗೆ ಫೋನು ಮಾಡಿದ್ದರು. "ಇವತ್ತೊಂದಿನ ಹಿಂದೆ ಹಿಂದೆ ಹೋಗಪ್ಪ. ನನ್ನ ಜೀವಕ್ಕೆ ಸಮಾಧಾನ," ಎಂದು ಗೇಟಿನಲ್ಲೂ ಇನ್ನೊಮ್ಮೆ ಹೇಳಿದರು. ಅವನು ಖಾಲಿ ಆಟೋದಲ್ಲಿ ಕಾರಿನ ಹಿಂದೆ ಹೋದ. ಹಿಪ್ಪುನೇರಳೆ ತೋಟಗಳ ನಡುವೆ ಅವಳು ನಿಧಾನವಾಗಿ ಹೋದಳು. ಲಾರಿಗೆ ದಾರಿ ಬಿಟ್ಟಳು, ಎಮ್ಮೆಗಳು ದಾಟುವವರೆಗೆ ಕಾದಳು. ರಸ್ತೆ ಬದಿಯಲ್ಲಿ ನಿಂತಿದ್ದ ಇಬ್ಬರು ಗಂಡಸರು ತಿರುಗಿ ಕಾರನ್ನೇ ನೋಡಿದರು. ಶಿಡ್ಲಘಟ್ಟ ಹತ್ತಿರವಾದಂತೆ ಅವಳ ಕೈಗೆ ಧೈರ್ಯ ಬಂತು. ಆಟೋ ಹಿಂದೆ ಬಿತ್ತು.

ಅವನು ಕಚೇರಿಯ ಅಂಗಳ ತಲುಪುವಾಗ ಅವಳು ಇಳಿದು ಬಾಗಿಲು ಹಾಕುತ್ತಿದ್ದಳು. ಕಚೇರಿಯವರು ನಾಲ್ಕಾರು ಮಂದಿ ಸುತ್ತ ನಿಂತಿದ್ದರು. ಅವರ ತಲೆಗಳ ಮೇಲಿಂದ ಅವಳು ಕೂಗಿ ಹೇಳಿದಳು, "ಸಾಯಂಕಾಲ ನಾನೇ ಹೋಗ್ತೀನಿ ಮಾಮ. ಮನೆ ಕಡೆ ಬರ್ತಾ ಇರು, ಮರೀಬೇಡ."

"ಬರ್ತೀನಮ್ಮ," ಎಂದ.

ರೇಷ್ಮೆಗೂಡಿನ ಮಾರುಕಟ್ಟೆಯ ಮುಂದೆ ವಯಸ್ಸಾದ ಹೆಂಗಸೊಬ್ಬಳು ಖಾಲಿ ಚೀಲಗಳನ್ನು ಕಂಕುಳಲ್ಲಿ ಒತ್ತಿಕೊಂಡು ಕೈ ಅಡ್ಡ ಹಿಡಿದಳು. "ಚೀಮಂಗಲಕ್ಕೆ ಬರ್ತೀಯೇನಣ್ಣ? ಹುಳ ಹಣ್ಣಾಗಿ ಗೂಡು ಕಟ್ಟಿದಾಗಿಂದ ಐದಾರು ದಿನ ಸರಿಯಾಗಿ ಕಣ್ಣು ಮುಚ್ಚಿಲ್ಲ, ಬಸ್ಸಿಗೆ ಕಾಯಕ್ಕಾಗಲ್ಲ."

"ಕೂತ್ಕಳಮ್ಮ."

ಊರು ದಾಟಿ ಬಯಲು ಬಂತು. ಆಮೇಲೆ, ಎಂಜಿನ್ ಸದ್ದಿನ ಮೇಲೆ ಕೇಳಿಸಲೆಂದು ತಲೆಯನ್ನು ಕೊಂಚ ಹಿಂದಕ್ಕೆ ವಾಲಿಸಿ ಹೇಳಿದ: "ಅಲ್ಲಿ ರೇಷ್ಮೆ ಆಫೀಸಿನ ಮುಂದೆ ಒಂದು ಕಾರು ನಿಂತಿತ್ತು, ನೋಡಿದ್ಯೇನಮ್ಮ? ಅದನ್ನ ಬರೀ ಕೈಯಾಗೇ ಓಡಿಸೋದು. ಬಣ್ಣ ನಾನೇ ಹೇಳಿದ್ದು."

ಉತ್ತರ ಬರಲಿಲ್ಲ. ತಿರುಗಿ ನೋಡಿದ. ಅವಳು ಚೀಲಗಳ ಕಟ್ಟಿಗೆ ಕೆನ್ನೆ ಒತ್ತಿಕೊಂಡು ಬಾಯಿ ತೆರೆದು ನಿದ್ದೆ ಹೋಗಿದ್ದಳು. ಮುಂದೆ ರಸ್ತೆ ಅಗೆದು ಮುಚ್ಚಿದ ಕಡೆ ಒಂದು ಉಬ್ಬಿತ್ತು. ಮುನಿಶಾಮಪ್ಪ ವೇಗ ತಗ್ಗಿಸಿ, ಒಂದೊಂದೇ ಗಾಲಿಯನ್ನು ಅದರ ಮೇಲೆ ಮೆಲ್ಲಗೆ ದಾಟಿಸಿದ.