ಕಪಾಟಿನ ಹಿಂದಿನ ಗೋಡೆ

ತೊಳೆದದ್ದೇ ನನ್ನ ತಪ್ಪಂತೆ! ಹೊಳೆಯ ನೀರು ಎರಡು ದಿನ ಮನೆಯೊಳಗೆ ನಿಂತು ಇಳಿದಿತ್ತು, ನವರಾತ್ರಿಗೆ ನಾಲ್ಕೇ ದಿನ ಉಳಿದಿತ್ತು. ಘಟಸ್ಥಾಪನೆಯ ಮನೆಯಲ್ಲಿ ಕೆಸರು ಬಿಟ್ಟುಕೊಂಡು ಕೂರಲು ನಾನೇನು ಎಮ್ಮೆಯೇ? ನೀರು ಏರಿದಾಗ ಓಣಿಯವರೆಲ್ಲ ದಿನ್ನೆಯ ಮೇಲಿನ ಶಾಲೆಯಲ್ಲಿದ್ದೆವು. ಅಲ್ಲಿಂದ ಮರಳಿದವಳೇ ಸೀರೆ ಎತ್ತಿ ಕಟ್ಟಿ ಗೋಡೆ, ಬಾಗಿಲು, ಕಿಟಕಿಗಳನ್ನೆಲ್ಲ ತಿಕ್ಕಿ ತೊಳೆದು ಸುಣ್ಣವನ್ನೂ ಬಳಿದುಬಿಟ್ಟೆ. ಬೀದರಿನ ಕಸ್ತೂರಿಬಾಯಿಯ ಮನೆ ನೆಲದ ಮೇಲೇ ಊಟ ಬಡಿಸಬಹುದು ಎಂದು ಮರಾಠಿ ಸೀಮೆಯ ಈ ಗಂಗಾಪುರದಲ್ಲಿ ಹೆಸರು ಮಾಡಿದವಳು ನಾನು.

ಮೂರನೇ ದಿನ ಪಂಚನಾಮೆಗೆ ತಲಾಠಿ, ಅಂದರೆ ಊರಿನ ಲೆಕ್ಕಿಗರಾದ ಜ್ಯೋತ್ಸ್ನಾ ಮೇಡಂ ಬಂದರು. ಹಾನಿಯನ್ನು ಕಣ್ಣಾರೆ ನೋಡಿ ಬರೆದುಕೊಳ್ಳುವುದು ಅವರ ಕೆಲಸ. ಬೆಳ್ಳಗಿನ ಗೋಡೆ ನೋಡಿದರು, ನನ್ನ ಮುಖ ನೋಡಿದರು. ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಮರಾಠಿಯಲ್ಲಿ ಕೇಳಿದರು. ಎದೆಯವರೆಗೆ ಎಂದೆ. ಗುರುತು ಎಲ್ಲಿ ಎಂದರು. ತೊಳೆದೆ ಎಂದೆ. ಫೋಟೋ ಇದೆಯೇ ಎಂದರು. ಫೋನೇ ನೀರುಪಾಲಾಗಿತ್ತು. ಪಾಪ, ಚಿಕ್ಕ ವಯಸ್ಸಿನ ಹುಡುಗಿ, ಅವರಿಗೂ ಬೇಜಾರಾಯಿತು. ಗುರುತಿಲ್ಲದೆ ಏನೆಂದು ಬರೆಯಲಿ, ನಾಳೆ ಸಂಜೆ ಪರಿಹಾರದ ಪಟ್ಟಿ ಕಳಿಸಬೇಕು, ಅಷ್ಟರಲ್ಲಿ ಏನಾದರೂ ಸಿಕ್ಕರೆ ಕರೆಯಿರಿ ಎಂದು ಹೋದರು. ಓಣಿಯ ಹನ್ನೊಂದು ಮನೆಗಳಲ್ಲೂ ಇದೇ ಕತೆ. ಎಲ್ಲರೂ ಹಬ್ಬಕ್ಕೆ ತೊಳೆದವರೇ.

ನಡುಮನೆಯ ಗೋಡೆ ಬಿರುಕು ಬಿಟ್ಟಿತ್ತು. ಪಟ್ಟಿಯಲ್ಲಿ ಹೆಸರು ಬಾರದಿದ್ದರೆ ಅದನ್ನು ಮತ್ತೆ ಕಟ್ಟಿಸುವ ಶಕ್ತಿ ನಮಗಿರಲಿಲ್ಲ. ಅಂಗಡಿಯ ಸರಕೆಲ್ಲ ಹೊಳೆ ಸೇರಿತ್ತು. ಯಜಮಾನರಾದ ವಿಶ್ವನಾಥಪ್ಪನವರು, "ಮನಿ ಬಿಟ್ಟು ಬೀದರಿಗೇ ಹೋಗೋಣು ನಡಿ" ಎಂದು ತಲೆಯ ಮೇಲೆ ಕೈ ಹೊತ್ತು ಕೂತರು. ಕೈಯಾರೆ ಮನೆ ಉಳಿಸಿಕೊಳ್ಳಲು ಹೋಗಿ ಕೈಯಾರೆ ಕಳೆದುಕೊಂಡೆನೇ ಎಂದು ನಾನು ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ.

ಮರುದಿನ ಬೆಳಿಗ್ಗೆ ನಾಶಿಕದ ಕಡೆಯಿಂದ ಮೈದುನ ಶಿವಕಾಂತ ಬಂದ. ಓಝರಿನ ವಿಮಾನ ಕಾರ್ಖಾನೆಯಲ್ಲಿ ಕಣ್ಣಿಗೆ ಕಾಣದ ಬಿರುಕು ಹುಡುಕುವುದೇ ಅವನ ಕೆಲಸ. ಕತೆಯೆಲ್ಲ ಕೇಳಿದವನಿಗೆ ಬೇಸರ ಆಗುವುದು ಬಿಟ್ಟು ಕಣ್ಣು ಹೊಳೆಯಬೇಕೇ!

"ವೈನಿ, ನೀರು ಹಂಗ ಸುಮ್ಮ ಹೋಗಂಗಿಲ್ರಿ. ಎಲ್ಯಾರ ಸಹಿ ಹಾಕಿ ಹೋಗಿರ್ತದ."

"ನಿಮ್ಮ ನಾಶಿಕದಾಗ ಬಿದ್ದ ಮಳಿನೇ ಅಲ್ಲೇನು ಇಲ್ಲಿ ಬಂದಿದ್ದು? ಮೊದಲು ನೀರು ಕಳಸ್ತೀರಿ, ಆಮ್ಯಾಲ ಹುಡುಕ್ಲಿಕ್ಕ ಬರ್ತೀರಿ" ಎಂದೆ.

ಅವನು ನಗುತ್ತ ಚೀಲದಿಂದ ಬ್ಯಾಟರಿ, ಕಡ್ಡಿಗೆ ಕಟ್ಟಿದ ಪುಟ್ಟ ಕನ್ನಡಿ ತೆಗೆದ. ನನಗೂ ಕುತೂಹಲ, ಬೆನ್ನು ಹತ್ತಿದೆ. ಬಾಗಿಲ ಚೌಕಟ್ಟಿನ ಸಂದಿಗೆ ಕನ್ನಡಿ ತೂರಿಸಿದ, ಏನೂ ಇಲ್ಲ. ಕಿಟಕಿಯ ಸರಳುಗಳ ಹಿಂಬದಿ ನೋಡಿದ. ದೇವರ ಗೂಡಿನೊಳಗೆ ತಲೆ ಹಾಕಿದ. ಗಡಿಯಾರವನ್ನು ತಿರುವಿ ನೋಡಿ, "ಇದರ ಬೆನ್ನೂ ತೊಳದೀರೇನ್ರಿ?" ಎಂದು ಬೆರಗಾದ. ಮೊದಮೊದಲು ನನಗೆ ಹೆಮ್ಮೆಯಾಗುತ್ತಿತ್ತು. ಆಮೇಲೆ ಅವನು ಇಲ್ಲವೆಂದು ತಲೆಯಾಡಿಸಿದಾಗಲೆಲ್ಲ ನನ್ನ ಕೈಯನ್ನೇ ಶಪಿಸಿಕೊಳ್ಳತೊಡಗಿದೆ.

"ವೈನಿ, ಈ ಮನ್ಯಾಗ ನೀವು ತೊಳೀಲಾರದ ಜಾಗ ಯಾವುದು?"

"ನನ್ನ ಮನ್ಯಾಗಾ? ಇಲ್ಲ!"

ಬಾಯಿ ಇಲ್ಲವೆಂದಿತು, ಹಾಳು ಕಣ್ಣು ಅತ್ತೆಯ ಸೀಸಂ ಮರದ ಕಪಾಟಿನ ಕಡೆ ಹೋಯಿತು. ನಾಲ್ಕು ಜನ ಕೂಡಿದರೂ ಅಲುಗದ ಕಪಾಟದು. ಅತ್ತೆ ತೀರಿಕೊಂಡು ಹದಿನಾರು ವರ್ಷ. ಅಂದಿನಿಂದ ಅದರ ಹಿಂದೆ ಕಸ ಹೊಡೆದಿಲ್ಲ. ಅದು ನನಗೆ ಮತ್ತು ಆ ಗೋಡೆಗೆ ಮಾತ್ರ ಗೊತ್ತಿದ್ದ ಮಾತು. ನಾನು ಹೋಗಿ ಅದಕ್ಕೆ ಬೆನ್ನು ಕೊಟ್ಟು ನಿಂತುಬಿಟ್ಟೆ.

"ಇದನ ಮುಟ್ಟಬ್ಯಾಡ."

"ಬಿರುಕು ಕಪಾಟಿನ ಹಿಂದ ಹೋಗ್ಯಾದ್ರಿ. ಅದು ಎಲ್ಲಿ ತನಕ ಹೋಗ್ಯಾದ ಅಂತ ನೋಡಬೇಕಲ್ರಿ."

ಯಜಮಾನರು ಓಣಿಯ ಮೂವರನ್ನು ಕರೆತಂದರು. ಕಪಾಟು ಕಿರ್ರೆಂದು ಸರಿಯಿತು. ನಾಚಿಕೆಯಿಂದ ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು. ಸತ್ತ ಹಲ್ಲಿ, ಮಗಳು ರೂಪಾ ಸಣ್ಣವಳಿದ್ದಾಗ ಕಳೆದ ಚಮಚ, ಮೇಲೆ ಜೋತುಬಿದ್ದ ಜೇಡರ ಬಲೆ. ನಡುವೆ, ದಾರ ಹಿಡಿದು ಎಳೆದಷ್ಟು ನೇರವಾಗಿ, ಒಂದು ಗೆರೆ. ಗೆರೆಯ ಮೇಲೆ ಹದಿನಾರು ವರ್ಷದ ನನ್ನ ಧೂಳು, ಕೆಳಗೆ ಹೊಳೆಯ ಕೆಸರು.

ನಾನು ಪೊರಕೆ ಎತ್ತಿಕೊಂಡಿದ್ದೆ! ಕೈ ತಾನಾಗಿಯೇ ಹೋಗಿತ್ತು. "ವೈನೀ!" ಎಂದು ಶಿವಕಾಂತ ಚೀರಿ ಅದನ್ನು ಕಿತ್ತುಕೊಂಡ. ಆಮೇಲೆ ಬಿರುಕಿನೊಳಗೆ ಬೆರಳು ತೂರಿಸಿದ. ನಾಲ್ಕೂ ಬೆರಳು ಒಳಗೆ ಹೋದವು. ಬಗ್ಗಿ ನೋಡಿದರೆ ಆಚೆ ಹಿತ್ತಲಿನ ಕರಿಬೇವು ಹಸಿರಾಗಿ ಕಾಣುತ್ತಿತ್ತು. ಯಜಮಾನರು, ರೂಪಾ, ನಾನು ಮೂವರೂ ಆ ಗೋಡೆಯ ಬುಡದಲ್ಲೇ ಹಾಸಿಗೆ ಹಾಸುತ್ತಿದ್ದೆವು. ಧೂಳು ಮುಚ್ಚಿಡಲು ಬೆನ್ನು ಕೊಟ್ಟು ನಿಂತ ನಾನು ಈ ಬಿರುಕನ್ನೂ ಮುಚ್ಚಿಡುತ್ತಿದ್ದೆ. ಉಳಿದ ಮನೆಗಳ ಕಪಾಟಿನ ಹಿಂದೆಯೂ ಹೀಗೇ ಇದ್ದರೆ?

ನೆಟ್ಟಗೆ ಪಕ್ಕದ ಮನೆಗೆ ಹೋದೆ. ಜಯಮಾಲಾ ಕಲಬುರಗಿ ಕಡೆಯವಳು. ಚೊಕ್ಕಟತನದಲ್ಲಿ ನನಗೂ ಅವಳಿಗೂ ವರ್ಷಗಳ ಪೈಪೋಟಿ.

"ಕಪಾಟು ಸರಸ್ರಿ" ಎಂದೆ.

"ನಮ್ಮ ಕಪಾಟಿನ ಹಿಂದ ಏನೂ ಇಲ್ರಿ" ಎಂದು ಬಾಗಿಲಿಗೆ ಅಡ್ಡ ನಿಂತಳು. ಆ ನಿಲುವು ನನಗೆ ಚೆನ್ನಾಗಿ ಗೊತ್ತಿತ್ತು.

ಅವಳ ಕೈ ಹಿಡಿದು ಎಳೆದುಕೊಂಡೇ ಬಂದು ನನ್ನ ಗೋಡೆಯೆದುರು ನಿಲ್ಲಿಸಿದೆ. ಹಲ್ಲಿ ನೋಡಿದಳು, ಬಲೆ ನೋಡಿದಳು, ಗೆರೆ ನೋಡಿದಳು, ಬಿರುಕು ನೋಡಿದಳು. ನಗುತ್ತಾಳೆ ಎಂದುಕೊಂಡೆ.

"ನಂದು ಇದಕಿಂತ ಹೊಲಸದ್ರಿ, ಅಕ್ಕಾ" ಎಂದಳು.

ಮಧ್ಯಾಹ್ನವೆಲ್ಲ ಓಣಿಯ ತುಂಬ ಕಪಾಟು ಸರಿಯುವ ಸದ್ದು. ಸಂಜೆ ಜ್ಯೋತ್ಸ್ನಾ ಮೇಡಂ ಬಂದು ಮನೆಮನೆ ಹೊಕ್ಕು ನೋಡಿದರು, ಬರೆದುಕೊಂಡರು. ಕೊನೆಗೆ ನಮ್ಮ ಮನೆಗೆ ಬಂದು, ಎತ್ತರ ತಿಳಿಯಬೇಕು, ಗೆರೆಯ ಪಕ್ಕ ನಿಲ್ಲಿರಿ, ಫೋಟೋ ತೆಗೆಯುತ್ತೇನೆ ಎಂದರು. ಹಲ್ಲಿಯನ್ನಾದರೂ ತೆಗೆಯುತ್ತೇನೆ ಎಂದೆ. ಏನನ್ನೂ ಮುಟ್ಟಬೇಡಿ ಎಂದರು. ಓಣಿಯ ಹೆಂಗಸರೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನಾನು ಸೆರಗು ಸರಿಮಾಡಿಕೊಂಡು ಗೋಡೆಗೆ ಒತ್ತಿ ನಿಂತೆ. ಎದೆಯವರೆಗೆ ಎಂದಿದ್ದೆನಲ್ಲ, ಸರಿಯಾಗಿ ಎದೆಯವರೆಗೇ ಇತ್ತು.