ಕಲ್ಲಮ್ಮನ ಗದ್ದುಗೆ

ಉಗುಳುವುದಕ್ಕೂ ಕಷ್ಟಪಡಬೇಕಾದ ವಯಸ್ಸು ತಮಗೆ ಬಂದಿದೆಯೆಂದು ಅಡವಿಯಪ್ಪ ಮೇಷ್ಟ್ರಿಗೆ ತಿಳಿದದ್ದು, ಮೊಮ್ಮಗಳು ಸಿಂಚನಾ ಬೆರಳುದ್ದದ ಪ್ಲಾಸ್ಟಿಕ್ ಕೊಳವೆಯೊಂದನ್ನು ಅವರ ಕೈಗಿತ್ತ ದಿನ. ರಕ್ತದೊತ್ತಡದ ಮಾತ್ರೆ ನುಂಗಿ ನುಂಗಿ ಬಾಯಿ ಒಣಗಿಹೋಗಿತ್ತು. "ಹುಣಸೆಹಣ್ಣು ನೆನೆಸ್ಕೊಳ್ಳಿ ತಾತ, ತಾನಾಗೇ ಬರತ್ತೆ" ಎಂದು ಅವಳು ನಕ್ಕಳು. ಹಬ್ಬದ ರಿಯಾಯಿತಿಯಲ್ಲಿ ಡಿ.ಎನ್.ಎ. ಪರೀಕ್ಷೆಯ ಎರಡು ಡಬ್ಬಿಗಳನ್ನು ತರಿಸಿದ್ದಳು. ಒಂದು ಅವಳಿಗೆ, ಒಂದು ತಾತನಿಗೆ. ಎಪ್ಪತ್ತನಾಲ್ಕರ ಮೇಷ್ಟ್ರು ಕಾಲುಗಂಟೆ ಕೂತು ಆ ಕೊಳವೆಯನ್ನು ಗೆರೆಯವರೆಗೆ ತುಂಬಿಸಿದರು.

ಅವರು ಇದಕ್ಕೊಪ್ಪಿದ್ದು ಪುಸ್ತಕದ ಆಸೆಗೆ. ನಿವೃತ್ತಿಯ ನಂತರ ಹನ್ನೊಂದು ವರ್ಷ, ಹುತ್ರಿದುರ್ಗದ ಬುಡದಿಂದ ಗುಬ್ಬಿಯವರೆಗೆ ಊರೂರು ಅಲೆದು, ತಮ್ಮ ಮನೆತನದ ಏಳು ತಲೆಮಾರುಗಳನ್ನು ಅವರು ಬರೆದಿಟ್ಟಿದ್ದರು. ಮಠದಲ್ಲಿ ಸ್ವಾಮಿಗಳ ಕೈಯಿಂದಲೇ ಬಿಡುಗಡೆಯೆಂದು ಮಗ ಕಿರಣ್‌ಕುಮಾರ್ ದಿನವನ್ನೂ ಗೊತ್ತುಮಾಡಿದ್ದ. ಪುಸ್ತಕದ ಕೊನೆಯಲ್ಲಿ ವಿಜ್ಞಾನದ ಒಂದು ಮುದ್ರೆಯೂ ಇರಲಿ ಎಂಬುದು ಮೇಷ್ಟ್ರ ಹಂಬಲ.

ಆರು ವಾರದ ಮೇಲೆ ಫಲಿತಾಂಶ ಬಂತು. ತುಮಕೂರಿನ ಮನೆಯ ಹಾಲಿನಲ್ಲಿ ಮೂವರೂ ಕೂತಿದ್ದರು.

"ತಾತ, ಇಲ್ಲಿ ನೋಡಿ. ಹತ್ತಿರದ ರಕ್ತಸಂಬಂಧಿ ಅಂತ ಒಬ್ಬನ್ನ ತೋರಿಸ್ತಿದೆ. ಚೈತನ್ಯ ಅಂತ, ಕುಣಿಗಲ್‌ನವನು. ನಂಗಿಂತ ನಿಮಗೇ ಹತ್ತಿರ."

"ಕುಣಿಗಲ್‌ನಲ್ಲಿ ನಮ್ಮೋರು ಯಾರಿದಾರೆ?" ಎಂದ ಕಿರಣ್‌ಕುಮಾರ್, ಮೊಬೈಲಿನಿಂದ ತಲೆಯೆತ್ತದೆ.

"ನಾನು ಮೆಸೇಜ್ ಮಾಡಿ ಕೇಳ್ದೆ ಅಪ್ಪ. ಅವನ ಅಜ್ಜಿ ಗುಬ್ಬಿ ಕಡೆಯೋರಂತೆ. ಇನ್ನೂ ಇದಾರಂತೆ. ಹೆಸರು ಕಲ್ಲಮ್ಮ."

ಕಿರಣ್‌ಕುಮಾರ್ ಮೊಬೈಲನ್ನು ಕೆಳಗಿಟ್ಟ. ಆ ಮನೆತನದಲ್ಲಿ ಇದ್ದದ್ದು ಒಬ್ಬಳೇ ಕಲ್ಲಮ್ಮ, ಮೇಷ್ಟ್ರ ಅಕ್ಕ. ಅವಳು ಗುಬ್ಬಿಯ ಹತ್ತಿರದ ಹೊಲದ ಅಂಚಿನಲ್ಲಿ, ಇಟ್ಟಿಗೆಯ ಗದ್ದುಗೆಯ ಕೆಳಗೆ, ಅರವತ್ತಾರು ವರ್ಷದಿಂದ ಮಲಗಿದ್ದಳು. ಪ್ರತಿ ಕಾರ್ತಿಕ ಸೋಮವಾರ ಮನೆಯವರು ಅಲ್ಲಿಗೆ ಹೋಗಿ ಹೂವಿಟ್ಟು, ಎಡೆಯಿಟ್ಟು, ಕೈಮುಗಿದು ಬರುತ್ತಿದ್ದರು. ಪುಸ್ತಕದ ನಲವತ್ತೊಂದನೆಯ ಪುಟದಲ್ಲಿ ಮೇಷ್ಟ್ರೇ ಬರೆದಿದ್ದರು: "ಕಲ್ಲಮ್ಮ. ಹದಿನೇಳನೆಯ ವಯಸ್ಸಿನಲ್ಲಿ ವಿಷಮಜ್ವರದಿಂದ ಲಿಂಗೈಕ್ಯ."

"ಲ್ಯಾಬ್‌ನೋರು ಡಬ್ಬಿ ಅದಲುಬದಲು ಮಾಡಿರ್ತಾರೆ ಅಷ್ಟೇ. ಡಿಲೀಟ್ ಮಾಡು" ಎಂದ ಕಿರಣ್‌ಕುಮಾರ್. "ಆ ಹುಡುಗನ ತಾತನ ಹೆಸರೇನಂತೆ?"

"ಗಂಗಹನುಮಯ್ಯ."

"ಸರಿಹೋಯ್ತು! ಹೆಸರು ಕೇಳಿದ್ರೇ ಯಾವ ಕೇರಿ ಅಂತ ಗೊತ್ತಾಗಲ್ವಾ? ಅಪ್ಪ, ಶನಿವಾರ ಪ್ರೂಫ್ ವಾಪಸ್ ಹೋಗ್ಬೇಕು. ಇದನ್ನೆಲ್ಲ ತಲೆಗೆ ಹಾಕ್ಕೋಬೇಡಿ, ಸೈನ್ ಹಾಕಿ ಕೊಡಿ."

ಮೇಷ್ಟ್ರು ಎದ್ದು ಕೋಣೆಗೆ ಹೋದರು. ಆ ಮನೆಯಲ್ಲಿ ಯಾವ ಪರೀಕ್ಷೆಯೂ ಬೇಕಿಲ್ಲದವರು ಅವರೊಬ್ಬರೇ. ಗದ್ದುಗೆಯೊಳಗೆ ಏನಿದೆಯೆಂದು ಅವರು ಕಣ್ಣಾರೆ ಕಂಡಿದ್ದರು.

ಆಗ ಅವರಿಗೆ ಎಂಟು ವರ್ಷ. ಹೊಲದಲ್ಲಿ ಬಾವಿ ತೋಡಲು ಕುಣಿಗಲ್ ಕಡೆಯಿಂದ ಆಳುಗಳು ಬಂದಿದ್ದರು, ಗಂಗಹನುಮಯ್ಯ ಅವರಲ್ಲೊಬ್ಬ. ಮೂರು ತಿಂಗಳು ಬಂಡೆ ಒಡೆದು ಅವರು ನೀರು ತರಿಸಿದರು. ನೀರು ಬಂದ ದಿನ ಬಾವಿಗೆ ಪೂಜೆಯಾಯಿತು. ಪೂಜೆಯಾದ ಗಳಿಗೆಯಿಂದ, ಆ ಬಾವಿಯನ್ನು ತೋಡಿದವರು ಅದರ ಹಗ್ಗವನ್ನು ಮುಟ್ಟುವಂತಿರಲಿಲ್ಲ! ಬೆವರು ಬೇಕು, ಬೆವರಿನವರು ಬೇಡ ಎಂಬ ಈ ನೀಚ ನ್ಯಾಯವನ್ನು ಮನೆಯಲ್ಲಿ ಮೀರಿದವಳು ಕಲ್ಲಮ್ಮ ಒಬ್ಬಳೇ. ಅವಳು ಸೇದಿದಳು, ಗಂಗಹನುಮಯ್ಯನ ಕೈಗೇ ಕೊಟ್ಟಳು. ತಿಂಗಳಾಗುವಷ್ಟರಲ್ಲಿ ಒಂದು ಬೆಳಿಗ್ಗೆ ಅವನೊಂದಿಗೆ ಕುಣಿಗಲ್ ಬಸ್ಸು ಹತ್ತಿದಳು. ಹಿಂದೆ ಓಡಿಬಂದ ತಮ್ಮನ ಕೈಗೆ ಬೆಲ್ಲದ ತುಂಡಿಟ್ಟು, "ಯಾರ್ಗೂ ಹೇಳ್ಬೇಡ ಕಣೋ" ಎಂದಳು.

ಸುಳ್ಳಾಡಬಾರದೆಂದು ಶಾಲೆಯಲ್ಲಿ ಕಲಿಸಿದ್ದರು. ಅಪ್ಪ ಕೇಳಿದಾಗ ಹುಡುಗ ಇದ್ದದ್ದನ್ನು ಇದ್ದಂತೆ ಹೇಳಿದ. ಅಪ್ಪ, "ಅವಳು ಸತ್ತಳು. ನೀನೇನೂ ನೋಡಿಲ್ಲ" ಎಂದ. ಸೋದರಮಾವನ ಊರಲ್ಲಿ ಜ್ವರ ಬಂದು ಹೋದಳೆಂದು ಸುದ್ದಿಯಾಯಿತು. ಹುಲ್ಲಿನ ಹೊರೆಗೆ ಅವಳ ಸೀರೆ ಸುತ್ತಿ ಗುಂಡಿಗಿಳಿಸಿದರು. ಜಂಗಮರು ಮಂತ್ರ ಹೇಳಿದರು. ತಾಯಿ ಅತ್ತಳು; ಆ ಅಳುವೊಂದೇ ಅಂದು ನಿಜವಾಗಿತ್ತು.

ಶುಕ್ರವಾರ ಮೇಷ್ಟ್ರು ಪ್ರೂಫಿನ ಕಟ್ಟನ್ನು ಚೀಲದಲ್ಲಿಟ್ಟುಕೊಂಡು, ಮೊಮ್ಮಗಳನ್ನು ಜೊತೆಗೆ ಕರೆದುಕೊಂಡು, ಮಗನಿಗೆ ತಿಳಿಸದೆ ಕುಣಿಗಲ್‌ಗೆ ಹೊರಟರು. ದಾರಿಯುದ್ದಕ್ಕೂ ಅವರಿಗೆ ಹೆದರಿಕೆಯಾಗಲಿಲ್ಲ, ಸಂತೋಷವೂ ಆಗಲಿಲ್ಲ. ಬಹುಕಾಲ ಹೊತ್ತ ಮೂಟೆಯ ಕೆಳಗೆ ಹೆಗಲು ಮರಗಟ್ಟಿದಂಥ ಆಯಾಸವೊಂದೇ ಇತ್ತು.

ಕೆರೆ ಏರಿಯ ಆಚೆ, ಶೀಟಿನ ಛಾವಣಿಯ ಮನೆ. ಕುದುರೆ ಫಾರಂನಲ್ಲಿ ಕೆಲಸ ಮಾಡುವ ಕಲ್ಲಮ್ಮನ ಮಗ ಗಂಗರಾಜು ಒಳಗೆ ಕರೆದ. ಎಂಬತ್ತಮೂರರ ಮುದುಕಿಯೊಬ್ಬಳು ಮೊರದ ಮುಂದೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು.

"ಯಾರ್ಲಾ ಅದು? ಬೆಳಕಿಗೆ ಅಡ್ಡ ನಿಂತವ್ನೆ."

"ಅಕ್ಕ, ನಾನು. ಅಡವಿ."

ಮುದುಕಿಯ ಕೈ ನಿಲ್ಲಲಿಲ್ಲ. ಮುಖವೆತ್ತಿ ನೋಡಿದಳು, ಬಹಳ ಹೊತ್ತು ನೋಡಿದಳು. "ಅಡವೀನಾ? ಹಲ್ಲೆಲ್ಲ ಎಲ್ಲಿಗೆ ಕಳ್ಸ್ದೆ? ಕೂತ್ಕೋ. ಸುಮ್ನೆ ಕೂರ್ಬೇಡ, ಕಾಯಿ ಬಿಡ್ಸು."

ಮೇಷ್ಟ್ರು ಕೂತರು. ಬಿಡಿಸತೊಡಗಿದರು.

"ನಮ್ಮ ಹುಡುಗ ಏನೇನೋ ಹೇಳ್ದ. ಎಂಜಲು ಕಳ್ಸಿದ್ರೆ ನೆಂಟ್ರು ಸಿಕ್ತಾರಂತೆ!" ಎಂದು ಅವಳು ಸಿಂಚನಾಳ ಕಡೆ ನೋಡಿ ನಕ್ಕಳು. "ಅಲ್ಲಿ ನಂಗೆ ಗದ್ದುಗೆ ಕಟ್ಟವ್ರಂತೆ. ವರ್ಸಾ ವರ್ಸಾ ಎಡೆ ಇಕ್ತೀರಂತೆ. ಏನೇನ್ ಇಕ್ತೀರಾ?"

"ಹೋಳಿಗೆ... ಪಾಯಸ..." ಮೇಷ್ಟ್ರ ದನಿ ತಗ್ಗಿತು.

"ಕೇಳಿದ್ಯೇನ್ಲಾ ಗಂಗರಾಜ? ಇಲ್ಲಿ ಮುದ್ದೆಗೆ ಸಾರಿಲ್ದೆ ನಾವು ಉಪ್ಪು ನೆಕ್ಕೋವಾಗ, ಅಲ್ಲಿ ನನ್ನ ಹೆಸ್ರಿಗೆ ಹೋಳಿಗೆಯಂತೆ!"

ಆ ನಗುವಿನಲ್ಲಿ ಕಹಿಯಿರಲಿಲ್ಲ. ಕಹಿಯಿದ್ದಿದ್ದರೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು.

"ಅಕ್ಕ, ಆಗ ನನಗೆ ಎಂಟು ವರ್ಷ. ಅಪ್ಪ ಕೇಳಿದಾಗ ಹೇಳಿಬಿಟ್ಟೆ..."

"ಎಂಟು ವರ್ಸದ ಕೂಸಿನ ಮೇಲೆ ನಂಗ್ಯಾತರ ಸಿಟ್ಟು? ನೀನು ಅಪ್ಪಯ್ಯನ್ಗೆ ನಿಜಾನೇ ಹೇಳ್ದೆ. ಆಮೇಲೆ ಮೀಸೆ ಬಂತಲ್ಲ, ಮೇಷ್ಟ್ರ ಕೆಲ್ಸ ಬಂತಲ್ಲ, ಆಗ ಯಾರ್ಗೆ ಹೇಳ್ದೆ?"

ಮೂವತ್ತೇಳು ವರ್ಷ ಮಕ್ಕಳ ಮುಂದೆ ನಿಂತು ಮೇಷ್ಟ್ರು ಸತ್ಯದ ಪಾಠ ಹೇಳಿದ್ದರು. ಸುಳ್ಳು ಹೇಳಿದ ಹುಡುಗರಿಗೆ ಬೆತ್ತದ ರುಚಿ ತೋರಿಸಿದ್ದರು. ಅದೇ ಕೈ ಪ್ರತಿ ಕಾರ್ತಿಕದಲ್ಲಿ ಹುಲ್ಲಿನ ಹೊರೆಯ ಮೇಲೆ ಬಿಲ್ವಪತ್ರೆ ಏರಿಸಿತ್ತು. ಅವರು ಚೀಲದಿಂದ ಪ್ರೂಫು ತೆಗೆದರು.

"ಮನೆತನದ ಪುಸ್ತಕ ಮಾಡಿದ್ದೀನಿ ಅಕ್ಕ. ನಿನ್ನ ವಿಚಾರ ಸರಿಮಾಡಿ ಬರೀತೀನಿ."

"ನನ್ ಗಂಡನ ಹೆಸ್ರು ಇರುತ್ತಾ?"

ಮೇಷ್ಟ್ರು ತಡೆದರು. ಕಣ್ಣಮುಂದೆ ಮಗ ಬಂದ, ಮಠ ಬಂತು, ಮುಂದಿನ ಸಾಲಿನಲ್ಲಿ ಕೂರುವ ಬೀಗರು ಬಂದರು. ಒಂದು ಉಸಿರಿನಷ್ಟು ತಡ, ಅಷ್ಟೇ. ಮುದುಕಿ ಅದನ್ನು ಕಂಡಳು.

"ಬಾಯಿಗೆ ಬರ್ಲಿಲ್ಲ ನೋಡು. ಅವ್ರಿಲ್ದೆ ನಾನು ಬೇಡ ಕಣಪ್ಪ, ಬುಡು." ಅವಳು ಮೊರವನ್ನು ಪಕ್ಕಕ್ಕೆ ಸರಿಸಿದಳು. "ಒಂದೇ ಒಂದು ಕೇಳ್ತೀನಿ. ಆ ಗದ್ದುಗೆ ಕಿತ್ತಾಕು. ಇವತ್ತೋ ನಾಳೆನೋ ನಾನು ಇಲ್ಲಿ ಅವ್ರ ಪಕ್ಕದಲ್ಲಿ ಮಣ್ಣಾಗೋಳು. ಒಬ್ಬಳನ್ನ ಎರಡು ಕಡೆ ಹೂಳ್ಬಾರ್ದು."

ಅಂದು ಊಟ ಮಾಡಿಸಿಯೇ ಕಳಿಸಿದಳು. ಹಿಂತಿರುಗುವ ಬಸ್ಸಿನಲ್ಲಿ ಮೇಷ್ಟ್ರು ನಲವತ್ತೊಂದನೆಯ ಪುಟ ತೆರೆದು, ಹಳೆಯ ಸಾಲನ್ನು ಹೊಡೆದುಹಾಕಿ, ಕುಲುಕಾಟದಲ್ಲೇ ಬರೆದರು: "ಕಲ್ಲಮ್ಮ. ಪತಿ ಗಂಗಹನುಮಯ್ಯ, ನಮ್ಮ ಹೊಲದ ಬಾವಿಯನ್ನು ತೋಡಿದವರು. ಮಗ ಗಂಗರಾಜು, ಮೊಮ್ಮಗ ಚೈತನ್ಯ. ಕಲ್ಲಮ್ಮ ಕುಣಿಗಲ್‌ನಲ್ಲಿ ಬದುಕಿದ್ದಾರೆ. ಈವರೆಗೆ ನಾವು ಹೇಳಿದ್ದು ಸುಳ್ಳು." ಸಿಂಚನಾ ಓದಿದಳು, ತಾತನ ತೋಳಿಗೆ ತಲೆಯಾನಿಸಿದಳು.

ಮನೆಯಲ್ಲಿ ಕಿರಣ್‌ಕುಮಾರ್ ಓದಿದವನೇ ಕಾಗದವನ್ನು ಟೀಪಾಯಿಯ ಮೇಲೆ ಎಸೆದ.

"ಇದನ್ನ ಸ್ವಾಮಿಗಳ ಮುಂದೆ ಇಡೋಕಾಗತ್ತಾ ಅಪ್ಪ? ನಾಳೆ ಇವಳಿಗೆ ಗಂಡು ನೋಡ್ಬೇಕು. ಯಾವ ಮನೆಯೋರು ಬರ್ತಾರೆ?"

"ಇದನ್ನ ಓದಿ ಬಾರದೆ ಹೋಗೋರ ಮನೆಗೆ ಇವಳು ಯಾಕೆ ಹೋಗ್ಬೇಕು?"

"ನಂಗೆ ಅಂಥ ಮನೆ ಬೇಡ ಅಪ್ಪ" ಎಂದಳು ಸಿಂಚನಾ ಬಾಗಿಲಿನಿಂದ.

"ನೀನು ಸುಮ್ನಿರು! ಅಪ್ಪ, ಈ ಸಾಲು ಇರೋ ಹಾಗಿದ್ರೆ ಪುಸ್ತಕಾನೇ ಬೇಡ. ಪ್ರೆಸ್‌ನೋರಿಗೆ ಹೇಳಿಬಿಡ್ತೀನಿ."

ಜಾತಿಯ ಕಟ್ಟನ್ನು ಕಿತ್ತೆಸೆದ ಶರಣರ ಹೆಸರು ಹೇಳಿಯೇ ಈ ಮನೆಯವರು ಬೆಳಿಗ್ಗೆ ಹಣೆಗೆ ವಿಭೂತಿ ಧರಿಸುವುದು. ಅದೇ ಹಣೆಗೆ ಒಂದು ಸಾಲು ಭಾರವಾಯಿತು. ಮೇಷ್ಟ್ರಿಗೆ ವಾದಿಸುವ ಶಕ್ತಿ ಇರಲಿಲ್ಲ. "ಬೇಡ ಅಂದ್ರೆ ಬೇಡ" ಎಂದರು. ಹನ್ನೊಂದು ವರ್ಷದ ಕೆಲಸ ಅಲ್ಲಿಗೆ ಮುಗಿಯಿತು.

ಭಾನುವಾರ ಅವರು ಒಬ್ಬರೇ ಗುಬ್ಬಿಗೆ ಹೋಗಿ, ಹೊಲದ ಮನೆಯಿಂದ ಹಾರೆ ತೆಗೆದುಕೊಂಡು ಗದ್ದುಗೆಯ ಬಳಿ ನಿಂತರು. ಮೊದಲ ಇಟ್ಟಿಗೆ ಸಡಿಲವಾಗಲು ಹತ್ತು ಏಟು ಬೇಕಾಯಿತು. ನಾಲ್ಕನೆಯದಕ್ಕೆ ಏದುಸಿರು ಬಂತು. ಕುರಿ ಹೊಡೆದುಕೊಂಡು ಹೋಗುತ್ತಿದ್ದ ಬೀರಯ್ಯ ನಿಂತ. ಊರಿನವನೇ, ಮೇಷ್ಟ್ರಿಗಿಂತ ಹತ್ತು ವರ್ಷ ಚಿಕ್ಕವನು.

"ಇದೇನ್ ಮೇಷ್ಟ್ರೇ, ನಿಧಿ ಗಿಧಿ ಕನಸಿಗೆ ಬಂತಾ?"

"ಬೀರಯ್ಯ, ಇದರೊಳಗೆ ಯಾರೂ ಇಲ್ಲ. ನಮ್ಮಕ್ಕ ಸತ್ತಿಲ್ಲ. ಈ ಬಾವಿ ತೋಡಿದ ಗಂಗಹನುಮಯ್ಯನವರನ್ನ ಮದುವೆಯಾಗಿ ಕುಣಿಗಲ್‌ನಲ್ಲಿದ್ದಾಳೆ. ನಾವು ಹುಲ್ಲು ಹೂತು ಊರಿಗೆಲ್ಲ ಸುಳ್ಳು ಹೇಳಿದ್ವಿ."

ಅರವತ್ತಾರು ವರ್ಷದ ಮಾತು ಒಂದೇ ಉಸಿರಿಗೆ ಹೊರಬಿತ್ತು. ಆಕಾಶ ಕಳಚಿ ಬೀಳುವುದೆಂದು ಅವರು ಕಾದರು. ಬೀರಯ್ಯ ಕಂಬಳಿಯನ್ನು ಈ ಹೆಗಲಿಂದ ಆ ಹೆಗಲಿಗೆ ಹಾಕಿಕೊಂಡ.

"ಅಯ್ಯೋ, ಅದು ಗೊತ್ತಿರೋದೇ ಬುಡಿ. ನಮ್ಮಪ್ಪ ಹೇಳ್ತಿದ್ದ, ಹೊರೆ ಇಳಿಸ್ದಾಗ ಸೀರೆ ಸಂದೀಲಿ ಹುಲ್ಲು ಕಾಣ್ತಿತ್ತು ಅಂತ. ಊರಿಗೆಲ್ಲ ಗೊತ್ತು."

"ಮತ್ತೆ ಯಾರೂ ಒಂದಿನವೂ ಕೇಳಲಿಲ್ಲವಲ್ಲ?"

"ದೊಡ್ಡೋರು ಹೋದ್ಮೇಲೆ ನಿಮ್ಗ್ಯಾರ್ಗೂ ಗೊತ್ತಿಲ್ಲವೇನೋ ಅಂದ್ಕೊಂಡ್ವಿ. ಅಷ್ಟು ಭಕ್ತಿಯಿಂದ ಹೂವು ಇಕ್ತಿದ್ರಲ್ಲ. ಪಾಪ, ಯಾಕ್ ನೋಯ್ಸೋದು ಅಂತ."

ಮೇಷ್ಟ್ರು ಕಿತ್ತ ಇಟ್ಟಿಗೆಗಳ ಮೇಲೆ ಕೂತುಬಿಟ್ಟರು. ಯಾವ ಮರ್ಯಾದೆಗೆಂದು ಒಬ್ಬ ಹೆಣ್ಣುಮಗಳನ್ನು ಜೀವಂತ ಹೂತರೋ, ಅದರ ಬಣ್ಣ ಮೊದಲ ದಿನವೇ ಆ ಹುಲ್ಲಿನೊಂದಿಗೆ ಬಯಲಾಗಿತ್ತು. ಊರು ಅವರ ಮೇಲೆ ಕರುಣೆಯಿಟ್ಟು ಸುಮ್ಮನಿತ್ತು. ನಗಲೂ ಅಳಲೂ ಅವರಿಗೆ ತ್ರಾಣವಿರಲಿಲ್ಲ.

"ಸರೀರಿ ಅತ್ಲಾಗೆ. ಹಾರೆ ಹಿಡಿಯೋ ಕೈಯಾ ಅದು?" ಬೀರಯ್ಯ ಕೈಚಾಚಿದ.

"ಬೇಡಪ್ಪ. ಇದು ನಾನೇ ಕೀಳಬೇಕಾದ್ದು."

ಅವರು ಹಾರೆಯೂರಿ ಎದ್ದರು. ಇನ್ನೂ ನಾಲ್ಕು ವರಸೆ ಇಟ್ಟಿಗೆಯಿತ್ತು, ಬಿಸಿಲು ಏರುತ್ತಿತ್ತು.